ಅವ್ವನ ಮೊಣಕಾಲಿಗೆ ಹೊಂದಿದ ಗಾಡಿ

ಕಾರು ಕೊಳ್ಳುವವರು ಮೊದಲು ಮೈಲೇಜು ಕೇಳುತ್ತಾರೆ. ನಾನು ಅವ್ವನನ್ನು ಕರೆದುಕೊಂಡು ಹೋದೆ. ಮೊಣಕಾಲು ಸವೆದು ಆಕೆಗೆ ಬಸ್ಸು ಹತ್ತಲು ಬರುತ್ತಿರಲಿಲ್ಲ, ನಮ್ಮ ಹಳೆಯ ತಗ್ಗು ಕಾರಿನಲ್ಲಿ ಕೂತರೆ ಏಳಲು ಬರುತ್ತಿರಲಿಲ್ಲ. ಇಂಡಿ ಬಿಟ್ಟು ಹೊರಗೆ ಹೋಗುವುದೇ ನಿಂತಿತ್ತು. ಕೊಲ್ಹಾರದಲ್ಲಿ ಆಕೆಯ ಅಕ್ಕ, ಅಂದರೆ ನನ್ನ ದೊಡ್ಡವ್ವ ಇದ್ದಾಳೆ. ಅಕ್ಕತಂಗಿಯರಿಗೆ ದಿನಾ ಫೋನಿನಲ್ಲೇ ಭೇಟಿ. ಫೋನಿಟ್ಟ ಮೇಲೆ ಅವ್ವ ಗೋಡೆ ನೋಡುತ್ತ ಕೂತುಬಿಡುತ್ತಿದ್ದಳು. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಶೋರೂಮಿನವರು ಚಾವಣಿಯ ಗಾಜು ಸರಿಸಿ ತೋರಿಸಿದರು.

"ಮಾಳಿಗಿಗೆ ಬೆಳಕಿಂಡಿ ಇಟ್ಟಂಗ ಇಟ್ಟಾರಲ್ಲೋ! ನಮ್ಮ ಬಿಸಲಾಗ ಇದನ್ನ ಯಾರು ತಗೀತಾರ?" ಎಂದಳು ಅವ್ವ.

ಆಮೇಲೆ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಸೀಟು ಸರಿಯಾಗಿ ಸೊಂಟದ ಮಟ್ಟಕ್ಕಿತ್ತು. ಏರುವುದೂ ಇಲ್ಲ, ಬಗ್ಗುವುದೂ ಇಲ್ಲ. ಮನೆ ಮುಂದಿನ ಕಟ್ಟೆಯ ಮೇಲೆ ಕೂತಂತೆ ಕೂತು, ಕಾಲು ಒಳಗೆ ಎಳೆದುಕೊಂಡಳು. "ಬೇಷ್ ಐತಿ" ಎಂದಳು. ನನಗೆ ಅಷ್ಟು ಸಾಕಾಯಿತು.

ಅತ್ತ ಜೀಪೂ ಅಲ್ಲ, ಇತ್ತ ಕಾರೂ ಅಲ್ಲ ಎಂದು ಇಂಥ ಗಾಡಿಗಳನ್ನು ನಾನೇ ಆಡಿಕೊಂಡವನು. ಜಾಹೀರಾತಿನಲ್ಲಿ ಇವನ್ನು ಗುಡ್ಡ ಹತ್ತಿಸುತ್ತಾರೆ. ನಮ್ಮ ಕಡೆ ಗುಡ್ಡ ಎಲ್ಲಿಂದ ತರುವುದು? ಆದರೆ ಹಿಂದಿನ ಸೀಟು ಮಡಚಿದರೆ ನಿಂಬೆಹಣ್ಣಿನ ಚೀಲ ಹಿಡಿಯುತ್ತವೆ, ಹೊಲದ ಹಾದಿಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಾಗುವುದಿಲ್ಲ, ನಮ್ಮ ಓಣಿಯಲ್ಲೂ ಅದು ತಿರುಗುತ್ತದೆ. ಮುಂಜಾನೆ ಮಾರುಕಟ್ಟೆ, ಮಧ್ಯಾಹ್ನ ಮದುವೆ ಎನ್ನುವ ನಮ್ಮಂಥವರ ಬದುಕೂ ಒಂದೇ ಥರದ್ದಲ್ಲವಲ್ಲ.

ಮೊದಲ ಭಾನುವಾರವೇ ಬಾಗೇವಾಡಿ ದಾಟಿ ಕೊಲ್ಹಾರಕ್ಕೆ ಹೋದೆವು. ದೊಡ್ಡವ್ವನ ಮನೆಗೆ ಎತ್ತರದ ಮೆಟ್ಟಿಲುಗಳಿವೆ ಎನ್ನುವುದು ನನಗೆ ಮರೆತೇಹೋಗಿತ್ತು. ಕೆಳಗೆ ಗಾಡಿಯಲ್ಲಿ ಅವ್ವ, ಮೇಲೆ ಬಾಗಿಲಲ್ಲಿ ದೊಡ್ಡವ್ವ. ನನಗೆ ನನ್ನ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ದೊಡ್ಡವ್ವ ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿದು ಬಂದಳು. ಆಕೆಯ ಮೊಣಕಾಲುಗಳೂ ಹೋಗಿದ್ದವು. ಫೋನಿನಲ್ಲಿ ಒಂದು ದಿನವೂ ಹೇಳಿರಲಿಲ್ಲ. ಬಂದವಳೇ ಅವ್ವನ ಹಾಗೆಯೇ ಬೆನ್ನು ಮಾಡಿ ಹಿಂದಿನ ಸೀಟಿನಲ್ಲಿ ಆಕೆಯ ಪಕ್ಕ ಕೂತಳು. ನಾನು ಮುಂದಿನ ಸೀಟುಗಳನ್ನು ಸರಿಸಿ ಜಾಗ ಮಾಡಿದೆ. ಚಹಾ, ಚುರುಮುರಿ, ಊಟ ಎಲ್ಲವೂ ಗಾಡಿಗೇ ಬಂದವು. ಇಬ್ಬರೂ ಕೈ ಹಿಡಿದುಕೊಂಡು ನಗುವುದೇನು, ಅಳುವುದೇನು. ನಾನೂ ದೊಡ್ಡವ್ವನ ಮಗನೂ ಮೆಟ್ಟಿಲ ಮೇಲೆ ಕೂತು ನೋಡಿದೆವು.

ಹೊತ್ತು ಇಳಿಯಿತು. "ಹೋಗೂಣೇನವ್ವಾ?" ಎಂದೆ. ದೊಡ್ಡವ್ವ ಇಳಿಯಲಿಲ್ಲ.

"ನಾನೂ ಬರ್ತೇನಿ, ತಂಗಿ ಮನಿಗೆ."

ಆಕೆಯ ಮಗ ಬೆರಗಾಗಿ ನಿಂತ. "ಎಲ್ಲಿಗೆ ಕರದ್ರೂ ಒಲ್ಲೆ ಅಂತಿದ್ದೆಲ್ಲಬೇ ಯವ್ವಾ!"

"ಹತ್ತಾಕ ಆಗೂದಿಲ್ಲಂತ ಹ್ಯಾಂಗ ಹೇಳ್ಲೋ? ಒಲ್ಲೆ ಅಂದೆ."

ಅವನು ಆಕೆಯ ಸೀರೆ ತರಲು ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.