ತಾಂಡೇಲ ಧರ್ಮಪಾಲರ ಗ್ರಾಫಿಕ್ಸ್ ಕಾರ್ಡು

ಕಾಪುವಿನ ಧರ್ಮಪಾಲರು ಎರಡು ವಸ್ತುಗಳನ್ನು ಎದುರುಬದುರು ಇಟ್ಟು ನೋಡದೆ ಜೀವಮಾನದಲ್ಲಿ ಏನನ್ನೂ ಕೊಂಡವರಲ್ಲ. ಒಂದು ಕೊಡೆ ಬೇಕಾದರೂ ಉಡುಪಿಯ ಎರಡು ಅಂಗಡಿ ಹತ್ತಿ ಇಳಿದು, ಎರಡನ್ನೂ ಬಿಚ್ಚಿ ಮಡಚಿ, ಅಷ್ಟರಲ್ಲಿ ಮಳೆಯೇ ನಿಂತು, ಬರಿಗೈಯಲ್ಲಿ ಮನೆಗೆ ಬಂದ ಪುಣ್ಯಾತ್ಮ. ಹೆಣ್ಣು ನೋಡುವಾಗಲೂ ಅದೇ ಕತೆ. ಹೆಜಮಾಡಿಯದೊಂದು, ಕಾಪುವಿನದೊಂದು ಎಂದು ಎರಡು ಸಂಬಂಧಗಳನ್ನು ತಿಂಗಳುಗಟ್ಟಲೆ ತೂಗಿದರು. ಹೆಜಮಾಡಿಯವಳು ಬೇಸತ್ತು ಬೇರೆಯವನ ಕೈಹಿಡಿದ ಮೇಲೆ ಕಾಪುವಿನ ಸರಸಕ್ಕ ಆಯ್ಕೆಯಾದರು. ಆ ಆಯ್ಕೆಯ ಮಾತೆತ್ತಿದರೆ ಸರಸಕ್ಕನಿಗೆ ಇಂದಿಗೂ ಮೈ ಉರಿಯುತ್ತದೆ.

ವಿಚಿತ್ರವೆಂದರೆ, ಕಡಲಿನಲ್ಲಿ ಈ ಮನುಷ್ಯನೇ ಬೇರೆ. ಅವರು ಮಲ್ಪೆಯ ಬೋಟೊಂದರ ತಾಂಡೇಲರು. ಚುಕ್ಕಾಣಿ ಅವರದ್ದು, ಮಾತೂ ಅವರದ್ದು. ನೀರಿನ ಬಣ್ಣ ನೋಡಿ "ಬಿಡು ಬಲೆ" ಎಂದರೆ ಮುಗಿಯಿತು, ಎರಡನೆಯ ಯೋಚನೆ ಇಲ್ಲ. ದಡಕ್ಕೆ ಕಾಲಿಟ್ಟರೋ, ಎರಡು ಬೆಂಕಿಪೊಟ್ಟಣದ ನಡುವೆಯೂ ತೀರ್ಮಾನವಾಗುವುದಿಲ್ಲ.

ಮಗಳು ಹರ್ಷಿಣಿ ಮಣಿಪಾಲದಲ್ಲಿ ಅನಿಮೇಷನ್ ಕಲಿಯುತ್ತಿದ್ದಳು. ಕೊನೆಯ ವರ್ಷ. ತಾನೇ ಮಾಡಿದ ಮೂರು ನಿಮಿಷದ ಸಿನಿಮಾವನ್ನು ಜುಲೈ ಕೊನೆಯೊಳಗೆ ಒಪ್ಪಿಸಬೇಕು. ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು. ಅವಳ ಕಂಪ್ಯೂಟರೋ, ಒಂದು ಚಿತ್ರ ತಯಾರಿಸುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಲೋಟ ತೊಳೆದಿಡಬಹುದು. ಅಂಥ ಚಿತ್ರಗಳು ಸಾವಿರಗಟ್ಟಲೆ ಬೇಕು.

"ಅಪ್ಪ, ಚಿತ್ರ ಬೇಗ ಆಗ್ಲಿಕ್ಕೆ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕು. ಎರಡು ಕಂಪೆನಿಯದ್ದು ಉಂಟು. ಯಾವುದಾದರೂ ಆಗ್ತದೆ."

ಯಾವುದಾದರೂ ಆಗ್ತದೆ! ಧರ್ಮಪಾಲರು ಮಗಳನ್ನು ಕನಿಕರದಿಂದ ನೋಡಿದರು. ಇಷ್ಟು ಓದಿಸಿಯೂ ಹೀಗಾಯಿತಲ್ಲ ಎಂದು ಅವರಿಗೆ ನಿಜಕ್ಕೂ ಬೇಸರವಾಯಿತು. "ನೀನು ಸುಮ್ಮನಿರು, ನಾನು ವಿಚಾರಿಸ್ತೇನೆ," ಎಂದರು.

ಅದು ಜೂನ್ ತಿಂಗಳು. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೋಟುಗಳೆಲ್ಲ ದಡ ಸೇರಿದ್ದವು. ಕಾಪುವಿನ ಕಡಲ ಕರೆಯ ಮರಳಿನಲ್ಲಿ ಟಾರ್ಪಾಲು ಕಟ್ಟಿಕೊಂಡು ಬಲೆ ಹೆಣೆಯುವ ಗಂಡಸರಿಗೆ ಕೈಗೆ ಮಾತ್ರ ಕೆಲಸ, ಬಾಯಿಗೆ ಪೂರಾ ಬಿಡುವು. ಗ್ರಾಫಿಕ್ಸ್ ಕಾರ್ಡಿನ ವಿಷಯ ಅಲ್ಲಿ ಬಿದ್ದದ್ದೇ ತಡ, ಟಾರ್ಪಾಲಿನ ಕೆಳಗೆ ಎರಡು ಪಕ್ಷ ಹುಟ್ಟಿಕೊಂಡವು. ಒಂದು ಕಂಪೆನಿಯ ಡಬ್ಬ ಹಸಿರು, ಇನ್ನೊಂದರದ್ದು ಕೆಂಪು. ಬೋಟಿನ ಬಲಕ್ಕೆ ಹಸಿರು ದೀಪ, ಎಡಕ್ಕೆ ಕೆಂಪು ದೀಪ ನೋಡಿ ಅಭ್ಯಾಸವಾದವರಿಗೆ ಆ ಇಂಗ್ಲಿಷ್ ಹೆಸರುಗಳಿಗಿಂತ ಬಣ್ಣವೇ ಸಲೀಸು. ಕೆಂಪು ಪಕ್ಷದ ಮುಂದಾಳು ಸರಸಕ್ಕನ ತಮ್ಮ ಧನರಾಜ್. ಅವನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿಯೇ ಪಂಡಿತನಾದವನು.

"ಭಾವ, ಕೆಂಪಿನದ್ದು ಹದಿನಾರು ಜಿಬಿ. ಹಸಿರಿನದ್ದು ಹನ್ನೆರಡೇ. ಮೀನು ತುಂಬುವ ಕೋಣೆ ದೊಡ್ಡದಿದ್ದರೆ ಒಳ್ಳೇದಲ್ವಾ?"

"ಕೋಣೆ ದೊಡ್ಡದಿದ್ದು ಎಂತ ಮಾಡುವುದು ಮಾರಾಯ? ಬಾಯಿ ಸಣ್ಣದು. ಬಸ್ ವಿಡ್ತ್ ಕಡಿಮೆ ಉಂಟು," ಎಂದರು ಧರ್ಮಪಾಲರು, ಹಿಂದಿನ ದಿನ ಕಲಿತ ಶಬ್ದವನ್ನು ಬಾಯ್ತುಂಬ ಹೇಳುತ್ತ.

"ಬಸ್ಸು ಸಣ್ಣದಾದರೆ ಏನಾಯ್ತು?" ಎಂದು ಮೂಲೆಯಲ್ಲಿದ್ದ ಮುದ್ದಣ್ಣ ಬಲೆಯಿಂದ ತಲೆ ಎತ್ತಿದ. "ಕಾರ್ಕಳ ಎಕ್ಸ್‌ಪ್ರೆಸ್ಸಿನ ಡ್ರೈವರನ್ನು ಕೂರಿಸಿ. ನಿಂತವರನ್ನೂ ಸೇರಿಸಿ ಟೈಮಿಗೆ ಮುಟ್ಟಿಸ್ತಾನೆ!"



ಕರೆಂಟು ಯಾವುದು ಹೆಚ್ಚು ಕುಡಿಯುತ್ತದೆ, ಫ್ಯಾನು ಎರಡೋ ಮೂರೋ, ಸೆಕೆಂಡಿಗೆ ಎಷ್ಟು ಫ್ರೇಮು ಎಂದು ಚರ್ಚೆ ಬೆಳೆಯಿತು. ಫ್ರೇಮಿನ ಲೆಕ್ಕವೆಲ್ಲ ಬಂದೂಕಿನ ಆಟಗಳದ್ದು; ಹರ್ಷಿಣಿಯ ಸಿನಿಮಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಅವಳು ಹೇಳಿದಳು ಕೂಡ. ಟಾರ್ಪಾಲಿನವರು ಕೇಳಬೇಕಲ್ಲ! ಅವಳು ಬೆಳಿಗ್ಗೆ "ಅಪ್ಪ, ಇವತ್ತು?" ಎಂದು ಕೇಳುವಳು, ಅವರು "ಇನ್ನೊಂದು ಪಾಯಿಂಟು ಉಂಟು" ಎನ್ನುವರು. ಜುಲೈ ಬಂತು. ಮಗಳ ಮುಖ ಸಣ್ಣದಾಗುತ್ತ ಹೋಯಿತು.

ಕೊನೆಗೆ ಜುಲೈ ನಡುವಿನ ಸಂಕ್ರಮಣದ ದಿನ, ಸರಸಕ್ಕ ಪಾತ್ರೆಗಳನ್ನು ಎತ್ತಿ ಕುಕ್ಕಿದ ಸದ್ದಿಗೆ, ಧರ್ಮಪಾಲರು ಮಗಳನ್ನು ಕರೆದುಕೊಂಡು ಉಡುಪಿಯ ಕಡಿಯಾಳಿಯಲ್ಲಿರುವ ಕಾರ್ಲ್ಟನ್‌ನ ಕಂಪ್ಯೂಟರ್ ಅಂಗಡಿಗೆ ಹೋದರು. ಕಾರ್ಲ್ಟನ್ ಎರಡೂ ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟ. ಧರ್ಮಪಾಲರು ಒಂದೊಂದನ್ನೂ ಅಂಗೈಯಲ್ಲಿ ತೂಗಿದರು. ತಿರುಗಿಸಿದರು. ಬಂಗುಡೆ ಮೀನು ತಾಜಾವೋ ಎಂದು ಕಿವಿರು ಎತ್ತಿ ನೋಡುವ ಹಾಗೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಎತ್ತಲು ಹೋದಾಗ ಕಾರ್ಲ್ಟನ್ ಹೌಹಾರಿ ಕಸಿದುಕೊಂಡ.

"ಅಣ್ಣಾ, ನಿಮ್ಮ ಮಗಳ ಕೆಲಸಕ್ಕೆ ಎರಡೂ ಒಂದೇ. ದಮ್ಮಯ್ಯ, ಒಂದು ತಗೊಂಡು ಹೋಗಿ."

ಧರ್ಮಪಾಲರು ಉಸಿರು ಬಿಗಿಹಿಡಿದು ಹಸಿರು ಡಬ್ಬಕ್ಕೆ ಕೈಚಾಚಿದರು. ಸರಿಯಾಗಿ ಅದೇ ಹೊತ್ತಿಗೆ ಧನರಾಜನ ಫೋನು ಬರಬೇಕೆ?

"ಭಾವ, ನಿಲ್ಲಿ ನಿಲ್ಲಿ! ಎರಡು ಕಂಪೆನಿಯೂ ಹೊಸ ಮಾಡೆಲ್ ಬಿಡ್ತದಂತೆ. ಈಗ ತಗೊಂಡರೆ ಬೋಳಿಸಿಕೊಂಡ ಹಾಗೆ!"

ಬರಿಗೈಯಲ್ಲಿ ಮನೆಗೆ ಬಂದರು. ಮನೆ ಮುಟ್ಟಿದ ಮೇಲೆ ಹರ್ಷಿಣಿ, ನಾಳೆ ತಾನೇ ಹೋಗಿ ತರುತ್ತೇನೆ ಎಂದಳು.

"ನಾಳೆಯಾ?" ಧರ್ಮಪಾಲರು ಕ್ಯಾಲೆಂಡರಿನತ್ತ ನೋಡಿದರು. "ನಾಳೆಯಿಂದ ಆಟಿ ತಿಂಗಳು. ಆಟಿಯಲ್ಲಿ ಯಾರಾದರೂ ಹೊಸ ವಸ್ತು ತರ್ತಾರಾ? ಇನ್ನು ಆಟಿ ಕಳೆದು ಸೋಣ ತಿಂಗಳಿಗೇ ಆಯಿತು. ಅಷ್ಟರಲ್ಲಿ ಹೊಸ ಮಾಡೆಲೂ ಬಂದಿರ್ತದೆ."

"ಸೋಣದಲ್ಲಿ ನನಗೆ ಎಂತಕ್ಕೆ ಅಪ್ಪ ಅದು? ತಿಂಗಳ ಕೊನೆಗೆ ಒಪ್ಪಿಸಬೇಕು!" ಎಂದು ಹುಡುಗಿ ಅತ್ತುಬಿಟ್ಟಳು. ಧರ್ಮಪಾಲರಿಗೆ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಆಟಿಯನ್ನು ಮೀರಲು ಧೈರ್ಯವೂ ಬರಲಿಲ್ಲ. ಹೊರಗೆ ಹೋಗಿ ಮಳೆ ನೋಡುತ್ತ ನಿಂತರು.

ಸರಸಕ್ಕ ಸೆರಗು ಸಿಕ್ಕಿಸಿ ಎದ್ದು ಬಂದರು. "ಹೊಸತು ತರಬಾರದು ಅಷ್ಟೇ ಅಲ್ವಾ? ಹಳತು ತರಬಾರದು ಅಂತ ಯಾವ ಆಟಿಯೂ ಹೇಳ್ಲಿಲ್ಲ." ಮರುದಿನ ತಾಯಿ ಮಗಳು ಕಾರ್ಕಳದ ಬಸ್ಸು ಹತ್ತಿದರು. ಕಾಲೇಜಿನಲ್ಲಿ ಹರ್ಷಿಣಿಗಿಂತ ಒಂದು ವರ್ಷ ಮೇಲಿದ್ದ ಕೀರ್ತನ್ ಆಟ ಆಡಿ ಸಾಕಾಗಿ ಬಿಚ್ಚಿಟ್ಟಿದ್ದ ಕಾರ್ಡೊಂದು ಅಲ್ಲಿ ಅವನ ಮನೆಯಲ್ಲಿತ್ತು. ಸಂಜೆಗೆ ಅದು ಕಂಪ್ಯೂಟರಿನೊಳಗೆ ಗುಂಯ್‌ಗುಡುತ್ತಿತ್ತು.

ಧರ್ಮಪಾಲರು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ಕೆಂಪಾ, ಹಸಿರಾ?"

"ನೋಡಲಿಲ್ಲ ಅಪ್ಪ. ಧೂಳು ತುಂಬಿತ್ತು, ಒರೆಸಿ ಹಾಕಿದೆ."

ನೋಡಲಿಲ್ಲವಂತೆ! ಆ ಮಾತು ಅವರಿಗೆ ಎರಡು ದಿನ ಊಟ ಸೇರದ ಹಾಗೆ ಮಾಡಿತು. ಟಾರ್ಪಾಲಿನ ಕೆಳಗೆ ಯಾರಾದರೂ ಕೇಳಿದರೆ, "ಇನ್ನೂ ನೋಡ್ತಾ ಇದ್ದೇವೆ" ಎಂದು ಬಲೆಯ ಕಣ್ಣಿಗೆ ತಲೆ ತಗ್ಗಿಸುತ್ತಿದ್ದರು.

ಸಿನಿಮಾ ಹೇಳಿದ ದಿನಕ್ಕೆ ಮುಗಿಯಿತು. ಕಾಲೇಜಿನಲ್ಲಿ ಅದನ್ನು ಕಂಡ ಎರಡು ಸ್ಟುಡಿಯೋಗಳು ಹರ್ಷಿಣಿಯನ್ನು ಕೆಲಸಕ್ಕೆ ಕರೆದವು. ಒಂದು ಮಣಿಪಾಲದಲ್ಲೇ, ಇನ್ನೊಂದು ಮಂಗಳೂರಿನಲ್ಲಿ. ತಾಯಿಯೊಡನೆ ಅರ್ಧ ಗಂಟೆ ಮಾತಾಡಿ ಮಣಿಪಾಲದ್ದಕ್ಕೆ ಒಪ್ಪಿಗೆ ಕೊಟ್ಟಳು. ಆಮೇಲೆ ಅಪ್ಪನಿಗೆ ಹೇಳಿದಳು. ಮಣಿಪಾಲದ್ದನ್ನು ಮಾತ್ರ ಹೇಳಿದಳು.

ಧರ್ಮಪಾಲರ ಕಣ್ಣು ತುಂಬಿತು. ಮಗಳ ತಲೆ ಸವರಿ, "ಬೇರೆ ಎಲ್ಲಿಂದಲೂ ಬರಲಿಲ್ವಾ ಮಗ?" ಎಂದರು.

"ಇಲ್ಲ ಅಪ್ಪ."

ಒಲೆಯ ಮುಂದಿದ್ದ ಸರಸಕ್ಕ ತವದ ಮೀನು ಮಗುಚಿ ಹಾಕಿದರು.

"ಪಾಪ, ಇನ್ನೊಂದು ಬರಬೇಕಿತ್ತು," ಎಂದರು ಧರ್ಮಪಾಲರು. "ಬಂದಿದ್ದರೆ ಎರಡನ್ನೂ ನೋಡಿ ನಾನು ಹೇಳ್ತಿದ್ದೆ."