ಅನ್ವರ್ ಭಾಯ್ ಅಳಿಸಹೊರಟ ಸಹಿ

ಮೆಮೊರಿ ಚಿಪ್ಪಿನ ಪೇಟೆಂಟಿಗಾಗಿ ಎರಡು ಕಂಪನಿಗಳು ಕೋರ್ಟಿನಲ್ಲಿ ಕಿತ್ತಾಡುತ್ತಿದ್ದವು. ಒಂದು ಕಂಪನಿ ರಾಯಲ್ಟಿ ಕೊಡಿ ಅಂತಿತ್ತು. ಇನ್ನೊಂದು ಕಂಪನಿಯವರು, ಅಂದರೆ ನಮ್ಮ ವಕೀಲರ ಆಫೀಸಿನ ಕಕ್ಷಿದಾರರು, ಇಂಥ ಚಿಪ್ಪು ನಿಮ್ಮ ಪೇಟೆಂಟಿಗಿಂತ ಮೊದಲೇ ಅಂಗಡಿಗಳಲ್ಲಿತ್ತು, ಹಾಗಾಗಿ ಪೇಟೆಂಟೇ ಸಲ್ಲದು ಅಂತಿದ್ದರು. ಅದಕ್ಕೆ ಸಾಕ್ಷಿ ಹುಡುಕುವುದು ನನ್ನ ಕೆಲಸ.

ಊರೂರು ಅಲೆದು ಕೊನೆಗೆ ವಿಜಯಪುರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಮಾಲೀಕರು ಅನ್ವರ್ ಭಾಯ್ ಡಬ್ಬ ತಡಕಿ, ಗಿರಾಕಿಯೊಬ್ಬ ವಾಪಸ್ ಮಾರಿದ್ದ ಹಳೇ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಒಂದನ್ನು ತೆಗೆದರು. ಅದರಲ್ಲಿ ನಾವು ಹುಡುಕುತ್ತಿದ್ದ ಚಿಪ್ಪೇ ಇತ್ತು! ಮೇಲೆ ಮಾರ್ಕರಿನಲ್ಲಿ ಮಾರಿದ ತಾರೀಖು, ಅವರ ಸಹಿ. ಪೇಟೆಂಟಿಗಿಂತ ಎರಡು ವರ್ಷ ಹಳೇದು!

"ತಗೋತೀನಿ ಭಾಯ್" ಅಂದೆ. ಅವರು ಹತ್ತಿಗೆ ಥಿನ್ನರ್ ಹಚ್ಚಿ ಸಹಿ ಒರೆಸತೊಡಗಿದರು.

"ಅಯ್ಯೋ, ಬೇಡ!" ಅಂತ ಕೌಂಟರ್ ಮೇಲೆ ಬಿದ್ದು ಅವರ ಕೈ ಹಿಡಿದುಬಿಟ್ಟೆ. ಸಹಿಯ ಬಾಲ ಹೋಗಿತ್ತು, ತಾರೀಖು ಉಳಿದಿತ್ತು.

"ಅರೇ ಸಾರ್, ಸೆಕೆಂಡ್ ಹ್ಯಾಂಡ್ ಮಾಲು ಕೊಡೋವಾಗ ಸೈನ್ ಅಳಿಸ್ಲೇಬೇಕು. ಇಲ್ಲಾಂದ್ರೆ ನಾಳೆ ಇದೇ ಸೈನ್ ತೋರ್ಸಿ, ಕೆಟ್ಟೋಯ್ತು, ವಾರಂಟಿ ಕೊಡಿ ಅಂತ ಬಂದ್ಬಿಡ್ತೀರ."

ಬರಲ್ಲ ಅಂತ ಆಣೆ ಇಟ್ಟೆ. ನಂಬಲಿಲ್ಲ, ಬರೆದುಕೊಡಿ ಅಂದರು. ಬರೆದು, ತಾರೀಖು ಹಾಕಿ, ಸಹಿಯನ್ನೂ ಮಾಡಿದೆ.

ಕೋರ್ಟಿನ ತೀರ್ಪು ಇನ್ನೂ ಬಂದಿಲ್ಲ. ಅನ್ವರ್ ಭಾಯ್ ಮಾತ್ರ ತಮ್ಮ ಕೇಸು ಅವತ್ತೇ ಗೆದ್ದುಕೊಂಡರು.