ವೋಟಿಲ್ಲದ ಬೆಂಬಲಿಗರು

ಸೌದಿಯ ಜಿದ್ದಾ ನಗರದ ನಮ್ಮ ಭಾರತೀಯ ಶಾಲೆಯ ಆಡಳಿತ ಸಮಿತಿಗೆ ಅಪ್ಪ ಎರಡನೇ ಸಲ ನಿಂತಾಗ ನಾನು ಅದೇ ಶಾಲೆಯಲ್ಲಿ ಹನ್ನೊಂದನೇ ತರಗತಿಯಲ್ಲಿದ್ದೆ. ಚರ್ಚಾ ತಂಡದ ನಾಯಕಿ ಬೇರೆ. ಮನೆಯಲ್ಲಿ ಯಾರು ಏನೆಂದರೂ ಪುರಾವೆ ಕೇಳುವ ಕಾಯಿಲೆ ಆಗಲೇ ಹತ್ತಿತ್ತು. ಸಾರಿಗೆ ಉಪ್ಪು ಕಡಿಮೆ ಎಂದವರನ್ನೂ ಬಿಡುತ್ತಿರಲಿಲ್ಲ.

ಗೆಲುವಿನ ಬಗ್ಗೆ ಅಪ್ಪನಿಗೆ ಅನುಮಾನವೇ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಅಜೀಜಿಯಾ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಊರಿನವರೆಲ್ಲ ಸೇರಿದರು. ಉಡುಪಿಯವರು, ಪುತ್ತೂರಿನವರು, ಅಂಗಡಿ ಇಟ್ಟವರು, ಎಸಿ ರಿಪೇರಿಯವರು, ಕಂಪನಿ ಕೆಲಸದವರು. ಅಮ್ಮನ ನೀರುದೋಸೆ, ಕೋಳಿಸಾರು ಖಾಲಿಯಾಗುತ್ತ ಬಂದ ಹಾಗೆ ಅಪ್ಪನ ಬಹುಮತ ಏರುತ್ತ ಹೋಯಿತು. ಬಂಟ್ವಾಳದ ಕಾಕಾ ಒಬ್ಬರು ಅವರನ್ನು ಅಧ್ಯಕ್ಷರನ್ನಾಗಿಯೇ ಮಾಡಿಬಿಟ್ಟರು.

ಚಹಾ ಕೊಡುತ್ತ ನಾನು ಒಂದೇ ಪ್ರಶ್ನೆ ಕೇಳಿದೆ: "ಇಲ್ಲಿ ಯಾರ್ಯಾರ ಮಕ್ಕಳು ನಮ್ಮ ಶಾಲೆಯಲ್ಲಿದ್ದಾರೆ?"

ಎಲ್ಲರೂ ಲೋಟದೊಳಗೆ ನೋಡಿದರು. ವೋಟಿರುವುದು ಪೋಷಕರಿಗೆ ಮಾತ್ರ. ಇವರಲ್ಲಿ ಹೆಚ್ಚಿನವರ ಹೆಂಡತಿ ಮಕ್ಕಳು ಊರಲ್ಲಿ. ಮೂರು ಮಕ್ಕಳ ತಂದೆಯಾದರೂ ಇಲ್ಲಿ ಒಬ್ಬನೇ ಇದ್ದರೆ ಗಲ್ಫಿನ ಮಾತಿನಲ್ಲಿ ಬ್ಯಾಚುಲರ್. ಕೈ ಎತ್ತಿದವರು ಒಬ್ಬರೇ; ಅವರ ಮಗನೂ ಹಿಂದಿನ ವರ್ಷವೇ ಶಾಲೆ ಮುಗಿಸಿದ್ದ.

"ನೀನೆಂತ ಮಾರಾಯ್ತಿ, ಉಂಡದ್ದು ಅರಗುವ ಮೊದಲೇ ಇದನ್ನೆಲ್ಲ ಕೇಳುದಾ?" ಎಂದರು ಕಾಕಾ.

ವೋಟಿದ್ದವರ ಬಳಿ ಅಪ್ಪ ಹೋಗದಿರಲು ಕಾರಣವಿತ್ತು. ಶಾಲಾ ಬಸ್ಸು ಗಲ್ಲಿಗಳೊಳಗೆ ಸುತ್ತುವುದನ್ನು ನಿಲ್ಲಿಸಿ, ಮಕ್ಕಳನ್ನು ಮುಖ್ಯರಸ್ತೆಯಲ್ಲೇ ಇಳಿಸುವಂತೆ ಮೊದಲ ಅವಧಿಯಲ್ಲಿ ಮಾಡಿದ್ದು ಅವರೇ. ಬಸ್ಸಿಗೆ ಸಮಯ ಉಳಿಯಿತು. ಮಧ್ಯಾಹ್ನದ ಬಿಸಿಲಲ್ಲಿ ಕಾಯುವ ಕೆಲಸ ತಾಯಂದಿರ ಪಾಲಾಯಿತು.

ನನ್ನ ಕಾಟ ತಡೆಯಲಾರದೆ ಅಪ್ಪ ಮರುದಿನ ಪಕ್ಕದ ಕಟ್ಟಡಕ್ಕೆ ಹೊರಟರು; ನಾನೂ ಹೋದೆ. ಕುಂದಾಪುರದ ಅಕ್ಕ ಒಬ್ಬರು, ಒಂದನೇ ತರಗತಿಯ ಹುಡುಗಿಯ ತಾಯಿ, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

"ವೋಟಿನ ಮಾತು ಆಮೇಲೆ ಅಣ್ಣ. ನಾಳೆ ಬಸ್ಸು ಬರುವ ಹೊತ್ತಿಗೆ ನನ್ನೊಟ್ಟಿಗೆ ರಸ್ತೆಯಲ್ಲಿ ನಿಲ್ಲಿ."

ಅಪ್ಪ ಅರ್ಧ ದಿನ ರಜೆ ಹಾಕಿ ನಿಂತರು. ಅವತ್ತು ಬಸ್ಸೂ ತಡ. ಮನೆಗೆ ಬಂದವರು ಎರಡು ಲೋಟ ನೀರು ಕುಡಿದು ಎಸಿಯ ಕೆಳಗೆ ಕೂತರು.

ಅಭ್ಯರ್ಥಿಗಳ ಸಭೆಗೆ ಭಾಷಣ ಬರೆದುಕೊಟ್ಟವಳು ನಾನೇ. ಬಸ್ಸಿನ ಮಾತು ಬಂದರೆ ಇಂಧನ, ಸಮಯ, ಸುರಕ್ಷತೆ ಎಂದು ಮೂರು ಉತ್ತರ ಸಿದ್ಧಪಡಿಸಿದ್ದೆ. ಅಪ್ಪ ಆ ಕಾಗದವನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಬಸ್ಸಿನ ವಿಷಯದಲ್ಲಿ ನಾನು ಮಾಡಿದ್ದು ತಪ್ಪು. ಗೆದ್ದರೆ ಮೊದಲು ಅದನ್ನು ಸರಿ ಮಾಡ್ತೇನೆ" ಎಂದಷ್ಟೇ ಹೇಳಿ ಇಳಿದರು. ಯಾರೂ ಕೇಳುವ ಮೊದಲೇ ತಪ್ಪೊಪ್ಪಿದ್ದಕ್ಕೆ ಕಾರಿನಲ್ಲಿ ಮನೆ ತನಕ ನಾನು ಅವರಿಗೆ ಪಾಠ ಮಾಡಿದೆ.

ಸೋತರು. ಸ್ವಲ್ಪದರಲ್ಲೇ, ಆದರೂ ಸೋತರು. ಕುಂದಾಪುರದ ಅಕ್ಕನ ಮನೆಯ ವೋಟು ಅಪ್ಪನಿಗೇ ಬಿದ್ದಿತ್ತೆಂದು ಆಮೇಲೆ ತಿಳಿಯಿತು.

ವಾರ ಕಳೆದ ಮೇಲೆ, ಬಸ್ಸನ್ನು ಮೊದಲಿನಂತೆ ಗಲ್ಲಿಗಳೊಳಗೆ ಬಿಡಿ ಎಂದು ಹೊಸ ಸಮಿತಿಗೆ ಪತ್ರ ಬರೆದುಕೊಡಲು ಅಪ್ಪ ಹೇಳಿದರು. ಸೋತವರು ಯಾವ ಅಧಿಕಾರದಲ್ಲಿ ಬರೆಯುವುದು ಎಂದು ಕೇಳಿದೆ.

"ನೀನಿದ್ದೀಯಲ್ಲ, ನಿನ್ನ ತಮ್ಮನೂ ಐದನೇ ಕ್ಲಾಸಲ್ಲಿದ್ದಾನೆ, ಪೋಷಕ ಅಂತ ಬರಿ."

ನಾನು ಎರಡು ಪುಟ ಬರೆದೆ. ಅಪ್ಪ ನಾಲ್ಕು ಸಾಲು ಉಳಿಸಿಕೊಂಡು ಸಹಿ ಹಾಕಿದರು.